ಗೋಲ್‌ಕೀಪರನ ರೋಜಾ

ನಾರಾಯಣಗೂಡದ ಕಾಲೇಜೊಂದರ ಗುಮಾಸ್ತ ಭೀಮರಾಯರು ಇದನ್ನು ನನಗೆ ಮೊದಲು ಹೇಳಿದರು: ಗೋಲ್‌ಕೀಪರನ ರೋಜಾ, ಅಂದರೆ ರಂಜಾನಿನ ಹಗಲುಪವಾಸ, ಇರುವಷ್ಟು ದಿನ ಅವರ ಫುಟ್‌ಬಾಲ್ ಹುಡುಗರು ಯಾರೂ ಆಟದ ನಡುವೆ ನೀರು ಮುಟ್ಟುವುದಿಲ್ಲವಂತೆ. ನಂಬಿಕೆ ಬಾರದೆ ಅವರ ಕೊನೆಯ ಲೀಗ್ ಪಂದ್ಯಕ್ಕೆ ಹೋದೆ. ಗೆದ್ದರಷ್ಟೇ ಸೆಮಿಫೈನಲ್.

ವಿರಾಮದಲ್ಲಿ ನೀರಿನ ಬಾಟಲಿ ಚಾಚಿದೆ.

“ನಕ್ಕೋ ಅಂಕಲ್,” ಎಂದು ತಂಡದ ನಾಯಕ ಬಾಟಲಿ ಸರಿಸಿದ.

“ಕುಡೀರೋ! ಸೋತರ ನನ್ನ ತಲಿಗೆ ಕಟ್ಟತೀರಿ,” ಎಂದು ಕೀಪರನೇ ಗದರಿದ.

“ಗೋಲು ಬಿಟ್ಟರ ಕಟ್ಟತೀವಿ, ನೀರಿಗಲ್ಲ,” ಎಂದು ನಾಯಕ ನಕ್ಕ.

ಒಂದು ಗೋಲಿನಿಂದ ಸೋತರು. ಯಾರೂ ಕೀಪರನನ್ನು ದೂರಲಿಲ್ಲ. ಸಂಜೆ ಅವನು ರೋಜಾ ಬಿಡಲು ಖರ್ಜೂರ ಬಾಯಿಗಿಟ್ಟ ಮೇಲೆಯೇ ಉಳಿದ ಹತ್ತೂ ಮಂದಿ ನೀರು ಕುಡಿದರು.

ಅಂದು ಏಕಾದಶಿ. ನಾನು ಉಪವಾಸವೆಂದು ಎರಡು ತಟ್ಟೆ ಸಾಬೂದಾಣಿ ಖಿಚಡಿ ತಿಂದು ಹೋಗಿದ್ದೆ.

ಈ ಹುಡುಗರ ಸಂಗತಿಯನ್ನು ನಾಲ್ಕು ಮಂದಿಗೆ ಹೇಳಿರಿ. ಖಿಚಡಿಯ ಮಾತು ಬಿಟ್ಟರೂ ನಡೆದೀತು.