ಸುತ್ತಿಗೊಂದು ತುತ್ತು

ಸೈಕಲ್ಲಿನಿಂದ ಇಳಿಯದೆ ಮೂರು ದಿನ ಮೈದಾನ ಸುತ್ತುತ್ತೇನೆಂದು ಹೈದರಸಾಬ ಹೇಳಿದಾಗ ಕೊಟ್ಟೂರಿನವರು ಮೊದಲು ನಕ್ಕರು, ಆಮೇಲೆ ತಾವೇ ಪೆಂಡಾಲು ಹಾಕಿದರು.

ಬಸ್ ನಿಲ್ದಾಣದ ಹತ್ತಿರ ಅವನದು ಪಂಕ್ಚರ್ ಅಂಗಡಿ. ಎಪ್ಪತ್ತೇಳನೇ ಇಸವಿಯಲ್ಲಿ ಪರ ಊರಿನವನೊಬ್ಬ ಬಂದು ಇದೇ ಮೈದಾನದಲ್ಲಿ ಹೀಗೆ ಸುತ್ತಿ ಹೋಗಿದ್ದ. ಅವನ ಗಾಲಿಗೆ ಗಾಳಿ ಹೊಡೆದವನು ಹೈದರಸಾಬ. "ಒಂದ್ ಸಲನಾದ್ರೂ ನಮ್ಮೂರು ನನಗ ಚಪ್ಪಾಳಿ ಹೊಡೀಲಿ," ಎಂದು ಅಂದೇ ಹೆಂಡತಿ ಶರೀಫಾ ಬೀಗೆ ಹೇಳಿದ್ದ. ಈ ಆಟದಲ್ಲಿ ನಡುವೆ ಕಾಲು ನೆಲಕ್ಕೆ ಸೋಕಿದರೆ ಅಲ್ಲಿಗೆ ಎಲ್ಲ ಮುಗಿಯಿತು.

ಮರುವರ್ಷ ಒಂದು ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಸೈಕಲ್ ಹತ್ತಿದ. ಕೈಬಿಟ್ಟು ಓಡಿಸಿದ, ಓಡುತ್ತಲೇ ಗಡ್ಡ ಬೋಳಿಸಿಕೊಂಡ, ಜನ ಎರಚಿದ ಕೊಡದ ನೀರಲ್ಲಿ ಮಿಂದ. ಆಟದ ಬೆನ್ನಿಗೆ ನಿಂತಿದ್ದ ಎಣ್ಣೆ ಅಂಗಡಿಯ ಶಿವಯೋಗಪ್ಪ ಕೂಗಿ ಹೇಳಿದ: "ಲೇ ಹೈದರಾ, ರೊಟ್ಟಿ ಮುಟ್ಟಬ್ಯಾಡ, ಹೊಟ್ಟಿ ಭಾರ ಆಕ್ಕೈತಿ. ಬೆಣ್ಣಿ ತಿನ್ನು. ಎಣ್ಣಿ ಬಿಟ್ಟ ಚೈನಿನಂಗ ಕಾಲು ಆಡ್ತಾವು ನೋಡು!"

ಬೆಣ್ಣೆ ಮುದ್ದೆಗಳು ಬಂದವು. ಗರಡಿಮನೆಯಿಂದ ಬೇಯಿಸಿದ ತತ್ತಿ ಬಂತು. ಶರೀಫಾ ಬೀಯ ರೊಟ್ಟಿ ಗಂಟು ಮಾತ್ರ ಬಿಚ್ಚದೆ ಹಾಗೇ ಉಳಿಯಿತು.

ಶನಿವಾರ ಇಳಿಹೊತ್ತಿಗೆ ಹೈದರಸಾಬನ ತೊಡೆಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಮುಂದಿನ ಗಾಲಿ ಹಾವಿನಂತೆ ಹೊರಳತೊಡಗಿತು. ಪೆಂಡಾಲಿನ ಮೈಕಿನಲ್ಲಿ ಮೊಳಗುತ್ತಿದ್ದ ಹಾಡು ನಿಂತಿತು. ಇಷ್ಟೇನಾ ನನ್ನ ಹಣೆಬರಹ ಅಂದುಕೊಳ್ಳುವಷ್ಟರಲ್ಲಿ ಆಸ್ಪತ್ರೆಯ ನರ್ಸ್ ಕಲ್ಯಾಣಮ್ಮ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದಲ್ಲೇ ಓಡಿಬಂದಳು.

"ಏನ್ ತಿಂದಿ, ಸಾಬಣ್ಣಾ?"

"ಬೆಣ್ಣಿ... ತತ್ತಿ..."

"ರೊಟ್ಟಿ?"

"ಬಿಟ್ಟೀನ್ರಿ ಅಕ್ಕಾ."

"ಬಿಟ್ಟೀಯಾ! ಬೆಣ್ಣಿ ಸಣ್ಣ ಉರಿ, ನಿಧಾನಕ್ಕ ಉರಿತೈತಿ. ತತ್ತಿ, ಕಾಳು ಎರಡೂ ಸವೆದ ಮೈ ಕಟ್ಟತಾವು. ಕಾಲಿಗೆ ಈಗಿಂದೀಗ ಕಸುವು ಬೇಕಂದ್ರ ರೊಟ್ಟಿ, ಬೆಲ್ಲ ಬೇಕಪಾ!"

ಶರೀಫಾ ಬೀ ಅಷ್ಟರಲ್ಲೇ ಗಂಟು ಬಿಚ್ಚಿದ್ದಳು. "ಚೈನಿಗೆ ಎಣ್ಣಿ ಬಿಟ್ರ ಆತೇನ್ರಿ ಸಾವ್ಕಾರ್ರ? ಪೆಡ್ಲು ತುಳಿಯೋರು ಯಾರು?" ಎಂದು ಶಿವಯೋಗಪ್ಪನನ್ನು ಕೇಳಿದಳು. ಜನ ಗೊಳ್ಳೆಂದು ನಕ್ಕರು.

ಮೊದಲ ಸುತ್ತಿಗೆ ಬೆಲ್ಲದ ಪಾನಕ. ಆಮೇಲೆ ಅವಳು ಪೆಂಡಾಲಿನ ಕಂಬದ ಬಳಿ ಕೈಚಾಚಿ ನಿಂತಳು. ಅವನು ಬಾಯ್ತೆರೆದು ಬರುತ್ತಿದ್ದ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ; ಸುತ್ತಿಗೊಂದು ತುತ್ತು. ಒಮ್ಮೆ ತುತ್ತು ತಪ್ಪಿ ಮೂಗಿಗೆ ಬಡಿದಾಗ ಊರೆಲ್ಲ "ಅಯ್ಯೋ" ಎಂದಿತು. ಸ್ವಲ್ಪ ಹೊತ್ತಿಗೆಲ್ಲ ಗಾಲಿ ನೆಟ್ಟಗಾಯಿತು, ಹಾಡು ಮತ್ತೆ ಹತ್ತಿತು. ಭಾನುವಾರ ಶಿವಯೋಗಪ್ಪನೇ ಕಂಬದ ಬಳಿ ಬಂದು ರೊಟ್ಟಿಯ ಮೇಲೊಂದಿಷ್ಟು ಬೆಣ್ಣೆ ಸವರಿದ. "ಇಷ್ಟಾದ್ರೂ ಇರ್ಲಿ ತಾಯಿ, ನನ್ನ ಮರ್ಯಾದಿಗೆ."

"ಇರ್ಲಿ ತಗೋರಿ," ಎಂದು ಶರೀಫಾ ಬೀ ನಕ್ಕಳು.

ಸೋಮವಾರ ಮಧ್ಯಾಹ್ನ, ಸೈಕಲ್ ಹತ್ತಿದ್ದ ಹೊತ್ತಿಗೇ, ಚಪ್ಪಾಳೆಯ ಮಳೆಯಲ್ಲಿ ಹೈದರಸಾಬ ನೆಲಕ್ಕೆ ಕಾಲಿಟ್ಟ. ತೂರಾಡಿ ಹೆಂಡತಿಯ ಭುಜ ಹಿಡಿದ.

"ಶರೀಫಾ, ನೆಲಾನ ತಿರುಗಾಕತ್ತೈತಿ."

"ತಿರುಗ್ಲಿ ಬಿಡ್ರಿ. ಮೂರು ದಿನ ನೀವು ತಿರುಗೀರಿ, ಈಗ ಅದರ ಪಾಳಿ."