ಅಮ್ಮ ಒಳಗೆ ಬಂದ ಬೆಳಗು

ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯುವ ವಾಸನೆಗೆ ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ಗಾರ್ಮೆಂಟ್ಸ್ ವ್ಯಾನಿನಲ್ಲಿ ನನ್ನ ಜೊತೆ ಬರುವ ಹುಡುಗಿಯರೂ ಅಷ್ಟೆ. ರಾಮನಗರದ ಹಳೇ ಬೀದಿಯೊಂದರ ತಿರುವು ಬಂದರೆ ಸಾಕು, ದುಪಟ್ಟಾ ಮುಖಕ್ಕೆ ಎಳೆದುಕೊಳ್ಳುತ್ತಾರೆ. ನಾನು ಕಿಟಕಿಯ ಗಾಜು ಸರಿಸುತ್ತೇನೆ. ಒಣಮೀನಿನದೋ ಹಸಿಸೌದೆಯ ಹೊಗೆಯದೋ ಎಂದು ಹೇಳಲಾಗದ ಆ ಕಮಟು ನನಗೆ ಪ್ರಾರ್ಥನೆಯ ವಾಸನೆ. ಮೇಣದ ಬತ್ತಿಯ ಬೆಳಕಲ್ಲಿ, ಆರಾಧನೆಯ ಹಾಡಲ್ಲಿ ದೇವರನ್ನು ಕಂಡವರಿರಬಹುದು. ನನಗೆ ಅವನ ಪರಿಚಯವಾದದ್ದು ಗೂಡಿನ ಹಬೆಯ ನಡುವೆ, ಬೆಳಗಿನ ಐದು ಗಂಟೆಗೆ.

ನಮ್ಮದು ಮೂರು ಕೋಣೆಯ ಮನೆ. ಹಿಂದುಗಡೆ ಶೀಟು ಹೊದಿಸಿದ ಶೆಡ್ಡಿನಲ್ಲಿ ನೂಲು ಬಿಚ್ಚುವ ನಾಲ್ಕು ಬೇಸಿನ್‌ಗಳು. ಅಪ್ಪ ಸ್ಯಾಮುವೇಲ ಮಾರ್ಕೆಟ್ಟಿನಿಂದ ಗೂಡು ತರುತ್ತಿದ್ದ. ಅಮ್ಮ ಗ್ರೇಸಮ್ಮನೂ ಕೆಲಸಕ್ಕೆ ಬರುತ್ತಿದ್ದ ಮೂವರು ಹೆಂಗಸರೂ ಬಿಸಿನೀರಲ್ಲಿ ಬೆರಳದ್ದಿ ಎಳೆ ಹುಡುಕಿ ರಾಟೆಗೆ ಕೊಡುತ್ತಿದ್ದರು. ಆರಕ್ಕೆಲ್ಲ ಕೆಲಸ ಶುರುವಾಗಬೇಕಿದ್ದರಿಂದ ಐದಕ್ಕೆ ಪ್ರಾರ್ಥನೆ. ಅದನ್ನು ನಡೆಸುತ್ತಿದ್ದವಳು ಅಪ್ಪನ ತಾಯಿ, ನನ್ನ ಅಜ್ಜಿ ಮಾರ್ತಮ್ಮ. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿಗೆ ಬಂದ ಮೇಲೆ ಸತ್ಯವೇದ ಓದುವ ಕೆಲಸ ನನ್ನದಾಯಿತು. ಓದು ಮುಗಿದ ಮೇಲೆ ಅಜ್ಜಿ ಸೆರಗು ತಲೆಗೆ ಹೊದ್ದು ಮಾತು ಶುರು ಮಾಡುತ್ತಿದ್ದಳು. ಆರಾಧನೆಯ ಭಾಷೆ ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಹೇಳಿ ಹೋಗುವ ಹಾಗೆ ಆ ದಿನದ ನಮ್ಮೆಲ್ಲರ ಕೆಲಸವನ್ನು ಒಬ್ಬೊಬ್ಬರ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದಳು. “ಕರ್ತನೇ, ಸ್ಯಾಮುವೇಲ ಮಾರ್ಕೆಟ್ಟಿಗೆ ಹೋಯ್ತಾವ್ನೆ, ಒಳ್ಳೇ ಗೂಡು ಕಣ್ಣಿಗೆ ಬೀಳ್ಲಿ. ಗ್ರೇಸಿ ಬೆಳ್ಳು ಬಿರ್ಕು ಬುಟ್ಟದೆ, ಒಸಿ ನೋಡ್ಕೊ. ಸುವಾರ್ತಂಗೆ ಇವತ್ತು ಪರೀಕ್ಷೆ ಐತೆ.” ಸುವಾರ್ತ ಎಂದರೆ ನಾನು. ಸೌದೆ ಒಲೆ ಹಚ್ಚಲು ಎಲ್ಲರಿಗಿಂತ ಮುಂಚೆ ಬರುತ್ತಿದ್ದ ಕೆಂಪಮ್ಮ ಹಿತ್ತಿಲ ಬಾಗಿಲಲ್ಲಿ ಕೈಮುಗಿದು ನಿಂತಿರುತ್ತಿದ್ದಳು. ಅವಳು ಮರಳವಾಡಿ ಕಡೆಯ ಕುರಿ ಸಾಕುವವರ ಮನೆಯ ಮಗಳು. ಅವಳ ದೇವರು ಬೇರೆ. ಆದರೂ ತನ್ನ ಹೆಸರು ಬರುವ ತನಕ ಕದಲುತ್ತಿರಲಿಲ್ಲ. ಒಮ್ಮೆ ಅಜ್ಜಿ ಅವಳ ಕುರಿಗಳನ್ನು ಮರೆತು ಆಮೆನ್ ಅಂದುಬಿಟ್ಟಾಗ, ಅವನ್ನೂ ಸೇರಿಸುವಂತೆ ಹೇಳಿ ಇನ್ನೊಂದು ಆಮೆನ್ ಹೇಳಿಸಿದಳು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಗಂಡುಮಗು ಹುಟ್ಟಿತು. ಅಳಲೇ ಇಲ್ಲ. ಅಪ್ಪ ಅದನ್ನು ಆಸ್ಪತ್ರೆಯಿಂದ ಬಿಳೀ ಟವಲ್ಲಿನಲ್ಲಿ ಸುತ್ತಿ ತಂದ. ಅದೇ ಸಂಜೆ ಸಮಾಧಿ ತೋಟದ ಬೇಲಿಯ ಪಕ್ಕ ಮಣ್ಣು ಮಾಡಿ ಬಂದರು. ದೀಕ್ಷಾಸ್ನಾನವಾಗಿರಲಿಲ್ಲ, ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದಲೋ ಏನೋ, ಮನೆಯಲ್ಲಿ ಮಗುವಿನ ಮಾತನ್ನೇ ಯಾರೂ ಎತ್ತಲಿಲ್ಲ. ಅಜ್ಜಿಯ ಪ್ರಾರ್ಥನೆಯಲ್ಲೂ ಅದು ಬರಲಿಲ್ಲ. ಎರಡು ತಿಂಗಳಿಗೆ ಅಮ್ಮ ಮತ್ತೆ ಬೇಸಿನ್ ಮುಂದೆ ಕೂತಳು, ಆದರೆ ಬೆಳಿಗ್ಗೆ ನಮ್ಮ ಜೊತೆ ಕೂರಲು ಬರಲಿಲ್ಲ. ನಾವು ಚಾಪೆಯ ಮೇಲೆ ಮೊಣಕಾಲೂರಿದಾಗ ಅವಳು ಶೆಡ್ಡಿನ ಒಲೆಯ ಮುಂದಿರುತ್ತಿದ್ದಳು. ಸೌದೆ ಮುರಿಯುವ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಮೂರನೇ ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ಎಳೆದುಕೊಂಡೇ ಬರುವವನಂತೆ ಎದ್ದ. ಅಜ್ಜಿ ಅವನ ಕೈ ಹಿಡಿದು ಕೂರಿಸಿದಳು.

“ಬುಡು ಕಣಪ್ಪ. ಅದು ಅವಳಿಗೂ ದೇವ್ರಿಗೂ ಇರೋ ಮಾತು. ನಾವ್ಯಾಕೆ ನಡುವೆ ಹೋಗನ?”

ಅಷ್ಟು ಹೇಳಿ, ಅಮ್ಮನ ಹೆಸರು ಬಂದಾಗ ಮಾತ್ರ ಶೆಡ್ಡಿಗೆ ಕೇಳುವಷ್ಟು ದನಿ ಎತ್ತಿದಳು. ಆಮೇಲೆ ದಿನಾ ಹಾಗೆಯೇ ನಡೆಯಿತು. ಆ ಒಂದು ಹೆಸರಿನ ಹೊತ್ತಿಗೆ ಸೌದೆಯ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಏಳೆಂಟು ತಿಂಗಳು ಹೀಗೇ ಕಳೆಯಿತು. ನನಗಾಗ ಅಮ್ಮನ ಮೇಲೆ ಸಿಟ್ಟಿತ್ತು. ಅವಳು ನಮ್ಮನ್ನೆಲ್ಲ ಬಿಟ್ಟು ಎಲ್ಲೋ ಹೊರಟುಹೋಗಿ ಬರೀ ಕೈಗಳನ್ನು ಕೆಲಸಕ್ಕೆ ಬಿಟ್ಟಿದ್ದಾಳೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ಅಕ್ಕಿ ಆರಿಸುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಆಸ್ಪತ್ರೆಯಿಂದ ಹತ್ತು ದಿನಕ್ಕೆ ಬಂದಳು, ಮಾತು ಬರಲಿಲ್ಲ. ಅವಳ ಮಂಚವನ್ನು ಪ್ರಾರ್ಥನೆಯ ಕೋಣೆಯಲ್ಲೇ ಹಾಕಿದೆವು. ಮಾರನೆಯ ಬೆಳಿಗ್ಗೆ ಐದಕ್ಕೆ ಅಪ್ಪನೂ ನಾನೂ ಚಾಪೆಯ ಮೇಲೆ ಕೂತೆವು. ನಾನು ಸತ್ಯವೇದದಿಂದ ಒಂದು ಕೀರ್ತನೆ ಓದಿದೆ. ಓದು ಮುಗಿಯಿತು. ಇನ್ನು ಅಪ್ಪ ಪ್ರಾರ್ಥಿಸಬೇಕಿತ್ತು. ಗೂಡಿನ ರಾಶಿಯ ಮುಂದೆ ಅಷ್ಟು ಜೋರಾಗಿ ಮಾತಾಡುವ ಮನುಷ್ಯ, ಗಟ್ಟಿಯಾಗಿ ಪ್ರಾರ್ಥಿಸಿದವನೇ ಅಲ್ಲ. ಅಜ್ಜಿಯ ತುಟಿ ಅಲುಗಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಕಣ್ಣಿನ ಅಂಚಿನಿಂದ ನೀರಿಳಿದು ದಿಂಬಿಗೆ ಹೋಗುತ್ತಿತ್ತು. ಕೆಂಪಮ್ಮ ಬಾಗಿಲಲ್ಲಿ ತಲೆ ತಗ್ಗಿಸಿದ್ದಳು.

ಆಗ ಅಮ್ಮ ಒಳಗೆ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮಂಚದ ಪಕ್ಕ ಕೂತು ಅಜ್ಜಿಯ ಕೈ ತನ್ನ ಕೈಯಲ್ಲಿ ತೆಗೆದುಕೊಂಡಳು. ಅತ್ತೆ ಮಾರ್ತಮ್ಮನಿಗೆ ಮಾತು ಕೊಡು ಎಂದು ಮೊದಲು ಕೇಳಿದಳು. ಅಪ್ಪನ ಮಾರ್ಕೆಟ್ಟು, ನನ್ನ ಶಾಲೆ, ಕೆಂಪಮ್ಮ, ಅವಳ ಮರಿ ಹಾಕುವ ಕುರಿ, ಯಾವುದನ್ನೂ ಬಿಡಲಿಲ್ಲ. ಇಷ್ಟು ತಿಂಗಳೂ ಗೋಡೆಯಾಚೆ ಕಿವಿಗೊಟ್ಟು ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಮೇಲೆ ನಿಲ್ಲಿಸಿದಳು. ಮುಗಿಯಿತೆಂದು ನಾನು ಕಣ್ಣು ಬಿಟ್ಟೆ.

“ಕರ್ತನೇ, ನನ್ನ ಮಗ. ದಾನಿಯೇಲ ಅಂತ ಹೆಸರಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ, ನಿನಗಾದ್ರೂ ಗೊತ್ತಿರ್ಲಿ. ನಿನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ. ಕೆಲಸಕ್ಕೆ ಹೊತ್ತಾಯ್ತು. ಆಮೆನ್.”

ಅಪ್ಪ ಚಾಪೆಗೆ ಹಣೆ ಹಚ್ಚಿ ಅತ್ತ. ಅಜ್ಜಿ ಅಮ್ಮನ ಬಿರುಕುಬಿಟ್ಟ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಆ ದಿನ ಅಪ್ಪ ತಡವಾಗಿ ಮಾರ್ಕೆಟ್ಟಿಗೆ ಹೋದಾಗ ಒಳ್ಳೆಯ ಗೂಡೆಲ್ಲ ಮಾರಿಹೋಗಿತ್ತಂತೆ. ಸಂಜೆ ಬಂದು ಅದನ್ನು ಹೇಳುವಾಗ ಅವನ ದನಿಯಲ್ಲಿ ಬೇಸರವಿರಲಿಲ್ಲ.

ಅಜ್ಜಿ ಮಾತು ಬಾರದೆಯೇ ಎರಡು ವರ್ಷ ಬದುಕಿದಳು. ಅಮ್ಮನೇ ಪ್ರಾರ್ಥನೆ ನಡೆಸಿದಳು. ನನ್ನ ಹೆಸರಾದ ಮೇಲೆ ದಾನಿಯೇಲ ಎಂದು ದಿನಾ ಹೇಳುತ್ತಿದ್ದಳು. ಕೋಪ ಯಾವಾಗ ಹೋಯಿತೋ, ಹೋಯಿತೋ ಇಲ್ಲವೋ, ನಾನು ಕೇಳಲಿಲ್ಲ. ದೊಡ್ಡ ಯಂತ್ರಗಳು ಬಂದ ಮೇಲೆ ನಮ್ಮ ಬೇಸಿನ್‌ಗಳು ಒಂದೊಂದಾಗಿ ಆರಿದವು. ಅಪ್ಪ ಹೋದ. ಮನೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಯಿದೆ. ಕೆಂಪಮ್ಮನೂ ಇಲ್ಲವೆಂದು ಅವಳ ಸೊಸೆ ಫೋನು ಮಾಡಿದ್ದಳು. ಮದುವೆಯಾಗಿ ನಾನಿದ್ದ ಚನ್ನಪಟ್ಟಣಕ್ಕೆ ಅಮ್ಮನೂ ಬಂದಳು. ನಾನು ಟಿಫಿನ್ ಬಾಕ್ಸ್ ಮುಚ್ಚುತ್ತ, ವ್ಯಾನಿನ ಹಾರ್ನಿಗೆ ಕಿವಿಗೊಟ್ಟು ಅಡುಗೆಮನೆಯಲ್ಲಿ ನಿಂತೇ ಅವಳ ಪ್ರಾರ್ಥನೆ ಕೇಳುತ್ತಿದ್ದೆ. ಹೋದ ವರ್ಷ ಅವಳೂ ಹೋದಳು.

ಸಮಾಧಿಯ ಮಾರನೆಯ ಬೆಳಿಗ್ಗೆ ನಾನೇ ಪ್ರಾರ್ಥಿಸಬೇಕಾಯಿತು. ಗಂಡನ ಹೆಸರು, ಮಗಳ ಹೆಸರು, ದಾನಿಯೇಲ, ನನ್ನ ಲೈನಿನಲ್ಲಿ ಹೊಲಿಯುವ ಹುಡುಗಿಯರು, ಎಲ್ಲ ಹೇಳಿ ಆಮೆನ್ ಅಂದ ಮೇಲೆ ಏನೋ ಉಳಿದುಹೋದಂತಾಯಿತು. ನನ್ನ ಹೆಸರನ್ನು ಯಾರೂ ಹೇಳಿರಲಿಲ್ಲ. ಪ್ರಾರ್ಥನೆ ನಡೆಸುವವರು ತಮಗಾಗಿ ಕೇಳಿಕೊಳ್ಳುವ ರೂಢಿ ನಮ್ಮಲ್ಲಿರಲಿಲ್ಲ. ಹಾಗಾದರೆ ಅಜ್ಜಿ ಹಾಸಿಗೆ ಹಿಡಿದ ದಿನದಿಂದ ಇಷ್ಟು ವರ್ಷ ಅಮ್ಮನ ಹೆಸರನ್ನು ಯಾರು ಹೇಳಿದರು? ಅಪ್ಪ ಹೇಳಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಹೇಳಲಿಲ್ಲ.

ಸತ್ತವರಿಗಾಗಿ ಬೇಡುವುದು ನಮ್ಮ ಸಭೆಯಲ್ಲಿಲ್ಲ. ನಾನು ಬೇಡುವುದೂ ಇಲ್ಲ. ದಿನಾ ಪ್ರಾರ್ಥನೆಯ ಕೊನೆಗೆ ಗ್ರೇಸಮ್ಮ ಎಂದು ಒಂದು ಸಲ, ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತೇನೆ.