ದನಿ ನಂಬಿ ಹಾಕಿದ ರುಜು

ಇಪ್ಪತ್ತೊಂಬತ್ತು ವರ್ಷ ಲುತ್ಸಿನಾ ಗಾವ್ಲಿಕ್ ಗ್ಲಿವಿತ್ಸೆ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಗಾಡಿಗಳ ಹೊತ್ತು ಹೇಳಿದಳು. ನಲವತ್ತು ನಿಮಿಷ ತಡ ಎಂದು ಗೊತ್ತಿದ್ದ ಗಾಡಿಯನ್ನು ಮೇಲಿನವರು ಹತ್ತೇ ನಿಮಿಷ ತಡ ಅನ್ನಿ ಎಂದರೂ ಅವಳು ನಲವತ್ತೇ ಅನ್ನುತ್ತಿದ್ದಳು. ಅದಕ್ಕಾಗಿ ಎರಡು ಸಲ ಮೆಮೊ ತಿಂದಿದ್ದಳು. ಊರಿನ ಜನಕ್ಕೆ ಅವಳ ಮುಖದ ಗುರುತು ಇರಲಿಲ್ಲ, ದನಿಯ ಗುರುತಿತ್ತು. ಅವಳು ನಿವೃತ್ತಳಾಗುವ ಹೊತ್ತಿಗೆ ಆ ಕೆಲಸಕ್ಕೆ ಯಂತ್ರ ಬಂತು.

ನಿಲ್ದಾಣದ ಹಿಂದೆ, ಗೂಡ್ಸ್ ಯಾರ್ಡಿಗೆ ಅಂಟಿಕೊಂಡಂತೆ, ಕೆಂಪು ಇಟ್ಟಿಗೆಯ ರೈಲ್ವೆ ಮನೆಗಳ ಸಾಲು. ಇಪ್ಪತ್ತೆರಡು ಸಂಸಾರ. ಲುತ್ಸಿನಾಳ ಪಕ್ಕದ ಮನೆ ಹಿಲ್ಡಾ ಕಂದ್ಜೋರಾಳದು. ಹಿಲ್ಡಾಳ ಗಂಡ ಯಾರ್ಡಿನಲ್ಲಿ ಬೋಗಿ ಜೋಡಿಸುವವನಾಗಿದ್ದು ಸತ್ತುಹೋಗಿದ್ದ. ಸಕ್ಕರೆ ಕಾಯಿಲೆ ಐವತ್ತಕ್ಕೇ ಅವಳ ಕಣ್ಣು ತೆಗೆದುಕೊಂಡಿತ್ತು. ಆದರೂ ಆ ಅಂಗಳದಲ್ಲಿ ಅವಳಿಗೆ ಕೋಲು ಬೇಕಿರಲಿಲ್ಲ. ನಲ್ಲಿಗೆ ಹನ್ನೊಂದು ಹೆಜ್ಜೆ, ಕಲ್ಲಿದ್ದಲ ಕೊಠಡಿಯ ಗೋಡೆ ಸವರಿಕೊಂಡು ಬಲಕ್ಕೆ ಹೊರಳಿದರೆ ಬ್ರೆಡ್ಡಿನ ಅಂಗಡಿ. ಮಧ್ಯಾಹ್ನದ ವ್ರೋತ್ಸ್ವಾಫ್ ಗಾಡಿಯ ಸದ್ದು ಕೇಳಿ ಆಲೂಗಡ್ಡೆ ಒಲೆಗಿಡುತ್ತಿದ್ದಳು. ಭಾನುವಾರ ಭಾನುವಾರ ಲುತ್ಸಿನಾ ಬಂದು ಅವಳ ಕಾಗದ ಪತ್ರ, ಔಷಧಿ ಚೀಟಿ ಎಲ್ಲ ಓದಿ ಹೇಳುವುದು ರೂಢಿಯಾಗಿತ್ತು.

ಗೂಡ್ಸ್ ಯಾರ್ಡು ಮುಚ್ಚಿದ ಮೇಲೆ ರೈಲ್ವೆಯ ಭೂಮಿ ಕಚೇರಿಗೆ ಆ ಜಾಗದ ನೆನಪಾಯಿತು. ನಿಲ್ದಾಣಕ್ಕೆ ನಾಲ್ಕು ನಿಮಿಷದ ನಡಿಗೆ, ಅಲ್ಲಿ ಆರಂತಸ್ತಿನ ಮನೆಗಳು ಏಳಬೇಕೆಂದು ತೀರ್ಮಾನವಾಯಿತು. ಕಚೇರಿಯಿಂದ ಕೊರ್ದಿಯಾನ್ ಎಂಬ ಅಧಿಕಾರಿ ಬಂದ. ಮೆದು ಮಾತಿನವನು, ಗಸಗಸೆ ಕೇಕು ಕೊಟ್ಟರೆ ಎರಡನೆಯ ತುಂಡನ್ನೂ ಕೇಳಿ ತಿನ್ನುವವನು. ಎರಡು ವರ್ಷ ಬೇರೆಡೆ ಇದ್ದು ಬಂದರೆ ಸಾಕು, ಎಲ್ಲರಿಗೂ ಇಲ್ಲೇ ಹೊಸ ಮನೆ, ಬಾಡಿಗೆ ಹಳೆಯದೇ ಎಂದ. ಜನ ಅನುಮಾನಿಸಿದರು. ಯಾರ ಮಾತಿಗೆ ಇವರು ತಲೆಯಾಡಿಸುತ್ತಾರೆ ಎಂಬುದನ್ನು ಅವನು ಒಂದೇ ವಾರದಲ್ಲಿ ಕಂಡುಕೊಂಡ.

"ಲುತ್ಸಿನಾ ಮೇಡಂ, ನಾನು ನೂರು ಸಲ ಹೇಳಿದ್ರೂ ಒಂದೇ, ನೀವು ಒಂದ್ಸಲ ಹೇಳಿದ್ರೂ ಒಂದೇ."

ಅವಳು ಉಬ್ಬಿಹೋದಳು. ಯಂತ್ರ ಬಂದ ಮೇಲೆ ಅವಳ ದನಿ ಯಾರಿಗೂ ಬೇಕಾಗಿರಲಿಲ್ಲ. ಸುಳ್ಳೇಕೆ, ಅವಳಿಗೂ ಲಿಫ್ಟು ಬೇಕಿತ್ತು, ಬಿಸಿನೀರು ಬರುವ ಸ್ನಾನದ ಮನೆ ಬೇಕಿತ್ತು, ಬೂಷ್ಟು ಹಿಡಿಯದ ಗೋಡೆ ಬೇಕಿತ್ತು. ಒಪ್ಪಿಗೆಯ ಕಾಗದಕ್ಕೆ ಮೊದಲ ರುಜು ತನ್ನದೇ ಹಾಕಿ, ಉಳಿದವರ ರುಜುವಿಗಾಗಿ ಮೂರು ವಾರ ಬಾಗಿಲು ಬಾಗಿಲು ಹತ್ತಿಳಿದಳು.

ಹಿಲ್ಡಾ ಮಾತ್ರ ಪೆನ್ನು ಹಿಡಿದು ಕೂತುಬಿಟ್ಟಳು.

"ಎಲ್ಲರೂ ವಾಪಸ್ ಬರ್ತೀವಿ ಅಂತ ಇದ್ರಲ್ಲಿ ಬರೆದಿದೆಯೇನೆ? ಓದು."

ಕಾಗದದಲ್ಲಿದ್ದದ್ದು, ಮನೆಗಳ ಲಭ್ಯತೆ ನೋಡಿಕೊಂಡು ಹಳೆಯ ನಿವಾಸಿಗಳಿಗೆ ಆದ್ಯತೆ ಕೊಡಲಾಗುವುದು ಎಂದು. ಎರಡೂ ಒಂದೇ ತಾನೆ ಅನ್ನಿಸಿತು ಲುತ್ಸಿನಾಳಿಗೆ. ಇದನ್ನೆಲ್ಲ ಬಿಡಿಸಿ ಹೇಳಿ ಮುದುಕಿಯನ್ನು ಹೆದರಿಸುವುದೇಕೆ ಅಂದುಕೊಂಡಳು.

"ಬರೆದಿದೆ ಕಣೆ," ಎಂದು ಅವಳ ಬೆರಳನ್ನು ರುಜುವಿನ ಜಾಗಕ್ಕೆ ತಂದಿಟ್ಟಳು.

ಇಪ್ಪತ್ತೆರಡೂ ಸಂಸಾರ ಕಚೇರಿ ಕೊಟ್ಟ ತಾತ್ಕಾಲಿಕ ಮನೆಗಳಿಗೆ ಚದುರಿಹೋದವು. ಹೇಳಿದ್ದ ಎರಡು ವರ್ಷ ನಾಲ್ಕಾಯಿತು. ಜಾಗವನ್ನು ಮನೆ ಕಟ್ಟುವ ಕಂಪನಿಯ ಕೈಗೆ ಒಪ್ಪಿಸಿದ್ದಾಯಿತು, ಕೊರ್ದಿಯಾನ್ ಬಡ್ತಿ ಪಡೆದು ಬೇರೆ ಊರಿಗೆ ಹೋದ. ಕಟ್ಟಡ ಎದ್ದಾಗ ಹಳಬರ ಪಾಲಿಗೆ ಬಂದದ್ದು ಮೂರೇ ಮನೆ. ಅದರಲ್ಲಿ ಒಂದು ಲುತ್ಸಿನಾಳದು, ಸಹಕಾರಕ್ಕೆ ಧನ್ಯವಾದ ಎಂಬ ಪತ್ರದ ಸಮೇತ. ಉಳಿದ ಹೊಸ ಮನೆಗಳಿಗೆ ಹಾಕಿದ ಬಾಡಿಗೆ ಕೇಳಿ ಹತ್ತೊಂಬತ್ತು ಸಂಸಾರ ಇದ್ದಲ್ಲೇ ಉಳಿದವು. ಹಿಲ್ಡಾ ಇದ್ದದ್ದು ಊರಾಚೆಯ ಬ್ಲಾಕಿನಲ್ಲಿ, ನಾಲ್ಕನೆಯ ಮಹಡಿ, ಲಿಫ್ಟಿಲ್ಲ.

ಲುತ್ಸಿನಾ ಕಚೇರಿಗೆ ಹೋಗಿ ಜಗಳವಾಡಿದಳು. ಗುಮಾಸ್ತೆ ಅವಳ ಕಾಗದವನ್ನೇ ಅವಳ ಮುಂದೆ ತಿರುಗಿಸಿಟ್ಟು, "ಎಲ್ಲರಿಗೂ ಅಂತ ಎಲ್ಲಿದೆ, ನೀವೇ ತೋರಿಸಿ," ಎಂದಳು. ಹಾಗಾದರೆ ನನ್ನ ಮನೆಯನ್ನು ಹಿಲ್ಡಾಳ ಹೆಸರಿಗೆ ಮಾಡಿ ಎಂದರೆ, ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂತು.

ಮರುದಿನ ಹೂರಣ ತುಂಬಿದ ಕೊವಾಚ್ ಕೇಕು ಹಿಡಿದು ಆ ನಾಲ್ಕು ಮಹಡಿ ಹತ್ತಿದಳು. ಹಿಲ್ಡಾ ಬಾಗಿಲು ತೆಗೆದು ಅಲ್ಲೇ ಅಡ್ಡ ನಿಂತಳು. ಮೈ ಊದಿಕೊಂಡಿತ್ತು. ಹೊರಗೆ ಕಾಲಿಟ್ಟು ಐದು ತಿಂಗಳಾಗಿತ್ತಂತೆ, ನಾಲ್ಕು ವರ್ಷವಾದರೂ ಇಲ್ಲಿ ಯಾವ ಗೋಡೆ ಎಲ್ಲಿದೆಯೋ ಗೊತ್ತಾಗುವುದಿಲ್ಲವಂತೆ. ಕಾಗದದಲ್ಲಿ ನಿಜಕ್ಕೂ ಏನು ಬರೆದಿತ್ತು ಎಂಬುದನ್ನೆಲ್ಲ ಲುತ್ಸಿನಾ ಒಂದೇ ಉಸಿರಿಗೆ ಹೇಳಿ, ನನ್ನ ಜೊತೆ ಬಂದಿರು ಎಂದು ಕರೆದಳು.

"ಎಲ್ಲಿಗೆ ಬರ್ಲಿ? ಆ ನಲ್ಲಿ ಇದೆಯಾ? ಆ ಗೋಡೆ ಇದೆಯಾ?" ಹಿಲ್ಡಾಳ ದನಿ ಏರಲಿಲ್ಲ. "ಬೇರೆಯವರು ಕಾಗದ ನೋಡಿ ರುಜು ಹಾಕಿದ್ರು. ನಾನು ನಿನ್ನ ದನಿ ಕೇಳಿ ಹಾಕ್ದೆ."

ಕೊವಾಚನ್ನು ಇಸಿದುಕೊಂಡಳು. ಒಳಗೆ ಕರೆಯಲಿಲ್ಲ.

ಲುತ್ಸಿನಾ ಹೊಸ ಮನೆಗೇ ಹೋದಳು. ಬೇರೆ ಜಾಗವಿರಲಿಲ್ಲ ಎನ್ನುವುದು ನಿಜ, ಬಿಸಿನೀರು ಹಿತವಾಗಿತ್ತು ಎನ್ನುವುದೂ ನಿಜ. ಹಳೆಯ ನೆರೆಯವರು ಪೇಟೆಯಲ್ಲಿ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಶನಿವಾರ ಶನಿವಾರ ಬಸ್ಸು ಹಿಡಿದು ಹಿಲ್ಡಾಳ ಬಾಗಿಲು ತಟ್ಟುವುದನ್ನು ಮಾತ್ರ ಬಿಡಲಿಲ್ಲ. ಏಳನೆಯ ಶನಿವಾರ ಹಿಲ್ಡಾ ಕೋಟು ತೊಟ್ಟೇ ಬಾಗಿಲು ತೆಗೆದಳು.

"ಕ್ಷಮಿಸಿದ್ದೀನಿ ಅಂದ್ಕೋಬೇಡ. ಸಂತೆಗೆ ಹೋಗೋಕೆ ಒಂದು ತೋಳು ಬೇಕು, ಅಷ್ಟೆ."

ಅಂದಿನಿಂದ ಇಬ್ಬರೂ ವಾರಕ್ಕೊಮ್ಮೆ ಮೆಟ್ಟಿಲಿಳಿದು ಹೋಗಿ ಬರುತ್ತಾರೆ. ಮಾತು ಕಡಿಮೆ. ಒಮ್ಮೆ ದಾರಿಯಲ್ಲಿ ಹಿಲ್ಡಾ ತಾನಾಗಿ ಕೇಳಿದಳು.

"ನಮ್ಮ ಅಂಗಳ ಇತ್ತಲ್ಲ, ಅಲ್ಲೀಗ ಏನಿದೆ?"

"ಕಾರು ನಿಲ್ಲಿಸ್ತಾರೆ."

ಹಿಲ್ಡಾ ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ, ಈ ಸಲ ಆಲೂಗಡ್ಡೆ ಎರಡು ಕಿಲೋ ಸಾಕು, ಹೊರುವುದು ಕಷ್ಟ ಎಂದಳು.